ಕೆಂಪು ಚುಕ್ಕೆಯ ದಿನ ನಾದಿದ ಹಿಟ್ಟು

ಹಿಟ್ಟು ಉಬ್ಬದಿದ್ದರೆ ಜನ ಮೊದಲು ನೋಡುವುದು ನಾದಿದವಳ ಮುಖವನ್ನು. ಹಾಲು ಹೆಚ್ಚು ಕಾಯಿತೇ, ಈಸ್ಟು ಹಳೆಯದೇ ಎಂದು ಆಮೇಲೆ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ. ಈ ಕೆಲಸಕ್ಕೆ ಇಳಿಯುವ ಹುಡುಗಿಯರಿಗೆ ನಾನು ಹೇಳಬೇಕಾದ ಮೊದಲ ಮಾತು ಇದು.

ಹೋದ ವರ್ಷ ಬಲಗೈ ಮೇಲೆತ್ತಲು ಬಾರದಂತಾದ ಮೇಲೆ ನಾನು ಭಟ್ಟಿ ಆರಿಸಿದೆ. ಗಡಹಿಂಗ್ಲಜದಲ್ಲಿ ಮನೆಯಲ್ಲೇ ಬ್ರೆಡ್ಡು ಮಾಡಿ ಮಾರಬೇಕೆಂದು ಹೊರಟ ನಾಲ್ಕೈದು ಹುಡುಗಿಯರು ಬಂದು, ‘ಮಾಲಕ್ಕಾರ, ನೀವು ಕಲ್ತದ್ದು ಬರದ ಕೊಡ್ರಿ’ ಅಂದರು. ಯಾರು ಯಾವಾಗ ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಶಾಲು ಹೊದ್ದುಕೊಂಡು ಹಿಟ್ಟು ನಾದಲು ಬರುವುದಿಲ್ಲ. ಕೆಟ್ಟದ್ದನ್ನು, ಬೈಸಿಕೊಂಡದ್ದನ್ನು, ಯಾಕೆ ಕೆಟ್ಟಿತೆಂದು ಹುಡುಕಿದ್ದನ್ನು ಬರೆಯುತ್ತೇನೆ.

ನನ್ನ ಹತ್ತಿರ ಹನ್ನೊಂದು ವಹಿಗಳಿವೆ. ಪ್ರತಿ ಪುಟದಲ್ಲೂ ತಾರೀಖು, ಹಿಟ್ಟಿನ ತೂಕ, ಎಷ್ಟು ಹೊತ್ತು ನಾದಿದೆ, ಉಬ್ಬಿತೋ ಇಲ್ಲವೋ ಎಂಬುದೆಲ್ಲ ಗೀಟು ಹಾಕಿದ ಮನೆಗಳಲ್ಲಿ ಕುಳಿತಿದೆ. ಕೆಲವು ತಾರೀಖುಗಳ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಇದೆ. ಅದು ನಾನು ಮುಟ್ಟಾದ ದಿನ. ಆ ಚುಕ್ಕೆಯಿಂದಾಗಿ ನನ್ನ ಭಟ್ಟಿ ಒಮ್ಮೆ ಭಂಗಾರದವನ, ಅಂದರೆ ಗುಜರಿಯವನ, ಗಾಡಿ ಏರುವುದಿತ್ತು. ಏರಲಿಲ್ಲ. ಯಾಕೆ ಏರಲಿಲ್ಲ ಎಂಬುದು ಮುಂದೆ ಬರುತ್ತದೆ.

ಬರೆದಿಡುವ ಚಟ ಅಪ್ಪನದು. ನಾವು ಇಚಲಕರಂಜಿಯವರು. ಅಪ್ಪ ಬನಹಟ್ಟಿ ಕಡೆಯಿಂದ ಪವರ್‌ಲೂಮಿನ ಕೆಲಸಕ್ಕೆ ಬಂದು ಅಲ್ಲೇ ಉಳಿದವನು. ಸೊಂಟಕ್ಕೆ ಸಿಕ್ಕಿಸಿಕೊಂಡ ಸಣ್ಣ ವಹಿಯಲ್ಲಿ ತನ್ನ ಮಗ್ಗಗಳ ಜಾತಕ ಬರೆಯುತ್ತಿದ್ದ. ‘ಯಾವ ಹೊತ್ತಿಗಿ ದಾರ ಹರೀತು, ಎಷ್ಟ ಸಲ ಹರೀತು ಅಂತ ಬರಕೊಂಡರ ಮಗ್ಗಕ್ಕ ಏನ ಬ್ಯಾನಿ ಐತಿ ತಾನ ಗೊತ್ತಾಗತೈತವಾ. ಸುಮ್ಮ ಮಗ್ಗಕ್ಕ ಬೈದರ ಅದೇನ ಮಾತಾಡತೈತಿ?’ ಅನ್ನುತ್ತಿದ್ದ. ಹತ್ತಿಯ ಧೂಳಿಗೆ ಕೆಮ್ಮು ಹತ್ತಿದ ಮೇಲೆ ಮಗ್ಗ ಬಿಟ್ಟು ನೂಲಿಗೆ ಬಣ್ಣ ಹಾಕುವ ಖಾನೆಗೆ ಸೇರಿದ. ನಾನು ಮಧ್ಯಾಹ್ನ ಅಲ್ಲಿಗೆ ಬುತ್ತಿ ಒಯ್ಯುತ್ತಿದ್ದೆ. ಅಪ್ಪನ ಅಂಗಿಗೆ ಯಾವಾಗಲೂ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ, ಮೆಟ್ರಿಕ್ ಮುಗಿಸಿದ ವರ್ಷ, ಕೊಲ್ಹಾಪುರದಲ್ಲಿ ಒಂದು ಮನೆಗೆಲಸ ಸಿಕ್ಕಿತು. ಶಿರೋಳಿಯ ಒಂದು ಫೌಂಡ್ರಿಗೆ ಹೊಸ ಯಂತ್ರ ಕೂಡಿಸಲು ರುಮೇನಿಯಾ ದೇಶದಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಅವನ ಹೆಂಡತಿ ರೋದಿಕಾ. ಮನೆಯೊಡತಿಯನ್ನು ಮರಾಠಿಯಲ್ಲಿ ಕರೆಯುವಂತೆ ನಾನು ‘ಬಾಯಿ’ ಅನ್ನುತ್ತಿದ್ದೆ. ನಮ್ಮ ಮಾತು ಅರ್ಧ ಹಿಂದಿ, ಅರ್ಧ ಮರಾಠಿ, ಮಿಕ್ಕಿದ್ದು ಕೈಸನ್ನೆ. ಇಲ್ಲಿ ಕನ್ನಡಕ್ಕೆ ತಂದು ಬರೆದಿದ್ದೇನೆ.

ಪಾತ್ರೆ ತಿಕ್ಕಲು ಹೋದವಳು ಮೂರನೆಯ ವಾರಕ್ಕೆ ಹಿಟ್ಟು ನಾದತೊಡಗಿದ್ದೆ. ಅವರಲ್ಲಿ ಹಬ್ಬಕ್ಕೆ ‘ಕೊಜೊನಾಕ್’ ಎಂಬ ಸಿಹಿ ಬ್ರೆಡ್ಡು ಮಾಡುತ್ತಾರೆ. ಮೈದಾ, ಹಾಲು, ಬೆಣ್ಣೆ, ಸಕ್ಕರೆ, ಮೊಟ್ಟೆಯ ಹಳದಿ, ಈಸ್ಟು. ಒಂದು ತಾಸು ನಾದಬೇಕು. ಆಮೇಲೆ ಲಟ್ಟಿಸಿ, ಅಕ್ರೋಟಿನ ಪುಡಿ ಇಲ್ಲವೇ ಅರೆದ ಗಸಗಸೆ ಹರಡಿ, ಚಾಪೆಯಂತೆ ಸುತ್ತಿ, ಎರಡು ಸುರುಳಿಗಳನ್ನು ಜಡೆಯಂತೆ ಹೆಣೆದು ಬೇಯಿಸಬೇಕು. ಕೊಯ್ದರೆ ಒಳಗೆ ಕಪ್ಪು ಸುಳಿ. ಹೋಳಿಗೆಯ ಹೂರಣ ಬ್ರೆಡ್ಡಿನ ಹೊಟ್ಟೆಗೆ ಹೋಗಿ ಸುತ್ತಿಕೊಂಡು ಮಲಗಿದಂತೆ ಕಾಣುತ್ತದೆ.

ರೋದಿಕಾ ನನ್ನ ಮೊದಲ ಮೇಲಧಿಕಾರಿ. ಅವಳಂಥ ಕಟ್ಟುನಿಟ್ಟಿನ ಮೇಲಧಿಕಾರಿ ಮತ್ತೆ ಸಿಗಲಿಲ್ಲ. ಕೈಗೆ ಹಿಟ್ಟು ಅಂಟುವುದು ನಿಲ್ಲುವತನಕ ನಾದುವುದನ್ನು ನಿಲ್ಲಿಸಬಾರದು. ಹಿಟ್ಟು ಉಬ್ಬಲು ಇಟ್ಟಾಗ ಕಿಟಕಿ, ಬಾಗಿಲು ಮುಚ್ಚಿರಬೇಕು. ಜೋರಾಗಿ ಮಾತಾಡಬಾರದು, ಬಾಗಿಲು ಬಡಿಯಬಾರದು, ಗಾಳಿ ಆಡಬಾರದು.

‘ಬಾಯಿ, ಇದು ಎಪ್ರಿಲ್ ತಿಂಗಳು. ಗಾಳಿ ಬಂದರೂ ಬಿಸಿ ಗಾಳಿಯೇ ಬರುತ್ತದೆ.’

‘ಹಿಟ್ಟಿಗೆ ಎಪ್ರಿಲ್ ಗೊತ್ತಿಲ್ಲ. ಬಾಗಿಲು ಮುಚ್ಚು.’

ಬೆವರು ಹರಿಯುತ್ತಿದ್ದರೂ ಬಾಗಿಲು ಮುಚ್ಚಿದೆ. ಆದರೆ ಗಡಿಯಾರ ನೋಡಿ ಬರೆದೆ. ಅವಳ ದೇಶದ ಲೆಕ್ಕದಲ್ಲಿ ಹಿಟ್ಟು ಉಬ್ಬಲು ಮೂರು ತಾಸು. ಕೊಲ್ಹಾಪುರದ ಬೇಸಿಗೆಯಲ್ಲಿ ಒಂದೂಕಾಲು ತಾಸಿಗೆ ಉಬ್ಬಿ, ಎರಡಕ್ಕೆ ಹುಳಿಯಾಗಿ, ಮೂರಕ್ಕೆ ಕುಸಿಯುತ್ತಿತ್ತು. ಎಂಟು ಸಲದ ಹೊತ್ತು ಬರೆದು ಅವಳ ಮುಂದಿಟ್ಟೆ. ಓದಿ ಹಿಂದೆ ಕೊಟ್ಟಳು. ಮರುದಿನ ಒಂದೂಕಾಲು ತಾಸಿಗೆ ‘ತೆಗೆ’ ಅಂದಳು. ಮೇಲಿನವರು ತಪ್ಪು ಒಪ್ಪಿಕೊಳ್ಳುವ ರೀತಿ ಹೀಗೇ ಇರುತ್ತದೆ, ಕ್ಷಮೆ ಕೇಳಲಿ ಎಂದು ಕಾಯುತ್ತ ಕೂಡಬೇಡಿ.

ನಮ್ಮಿಬ್ಬರ ದೊಡ್ಡ ಎಡವಟ್ಟು ಫೌಂಡ್ರಿಯ ಒಲೆಯಲ್ಲಿ ಆಯಿತು. ಒಮ್ಮೆ ಮನೆಯ ತಗಡಿನ ಭಟ್ಟಿಯ ತಳ ತೂತಾಯಿತು. ಅವಳ ಗಂಡ, ‘ನಮ್ಮಲ್ಲಿ ದೊಡ್ಡ ಒಲೆ ಇದೆ, ಶಾಖ ಸಮನಾಗಿರುತ್ತದೆ’ ಎಂದು ನಾಲ್ಕು ಅಚ್ಚು ಬ್ರೆಡ್ಡನ್ನು ಜೀಪಿನಲ್ಲಿ ಒಯ್ದ. ಅದು ಮರಳಿನ ಗಡ್ಡೆಗಳನ್ನು ಸುಡುವ ಒಲೆ. ಎರಕದೊಳಗೆ ಟೊಳ್ಳು ಬಿಡಲು ಮರಳನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಅದರಲ್ಲಿ ಒಣಗಿಸುತ್ತಿದ್ದರು. ಬ್ರೆಡ್ಡು ಚಿನ್ನದ ಬಣ್ಣಕ್ಕೆ ಬಂತು. ಬಾಯಿಗಿಟ್ಟರೆ ಹೊಸದಾಗಿ ಎಣ್ಣೆ ಹಚ್ಚಿದ ಬಾಗಿಲು ಕಡಿದಂತಾಯಿತು. ಅಲ್ಲಿಯ ಕಾರ್ಮಿಕನೊಬ್ಬ ತಿಂದು, ‘ಬಾಯಿಸಾಹೇಬ, ಹಲ್ಲಾಗ ಮರಳ ಬರಲಿಲ್ಲ, ಅಷ್ಟ ಪುಣ್ಯಾ’ ಅಂದನಂತೆ. ಒಲೆಯ ಹೊಟ್ಟೆಯಲ್ಲಿ ಮೊದಲು ಏನಿತ್ತು ಎಂದು ಕೇಳದೆ ಬ್ರೆಡ್ಡು ಇಡಬೇಡಿ.

ಇನ್ನು ಚುಕ್ಕೆಯ ಮಾತು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದೆ. ರೋದಿಕಾಗೆ ತಿಳಿಯಿತು. ‘ಇವತ್ತು ಹಿಟ್ಟು ಮುಟ್ಟಬೇಡ’ ಅಂದಳು. ಕನಿಕರವೆಂದುಕೊಂಡೆ. ‘ಪರವಾಗಿಲ್ಲ ಬಾಯಿ, ಕೈ ನೋಯುತ್ತಿಲ್ಲ’ ಅಂದೆ.

‘ಕೈಯದಲ್ಲ. ನನ್ನ ಅಮ್ಮನ ಊರಲ್ಲಿ ಹೀಗಿರುವವಳು ಹಬ್ಬದ ಹಿಟ್ಟು ನಾದುವುದಿಲ್ಲ. ಉಬ್ಬುವುದಿಲ್ಲ.’

ಸಮುದ್ರ ದಾಟಿ ಬಂದ ಹೆಂಗಸು, ಗಂಡನ ಎದುರು ಕುಳಿತು ಸಿಗರೇಟು ಸೇದುವವಳು. ಅವಳ ಬಾಯಿಂದ ನನ್ನ ಅಜ್ಜಿಯ ಮಾತು ಬಂದಿತ್ತು. ನನಗೆ ಸಿಟ್ಟಿಗಿಂತ ಅನುಮಾನ ಹೆಚ್ಚು ಬಂತು. ಎರಡು ದೇಶದ ಅಜ್ಜಿಯರು ಒಂದೇ ಮಾತು ಹೇಳಿದರೆ ಅದು ನಿಜವಿರಬೇಕು, ಇಲ್ಲವೇ ಇಬ್ಬರೂ ಎಣಿಸಿ ನೋಡಿರಲಿಕ್ಕಿಲ್ಲ. ಅಂದು ಸಂಜೆ ಕೆಂಪು ಪೆನ್ಸಿಲು ಕೊಂಡೆ.

ಅವರ ವಸಂತದ ಹಬ್ಬಕ್ಕೆ ಎರಡು ದಿನವಿದ್ದಾಗ ರೋದಿಕಾಳ ಮಣಿಕಟ್ಟು ಉಳುಕಿತು. ಫೌಂಡ್ರಿಯವರನ್ನು ಚಹಕ್ಕೆ ಕರೆದಾಗಿತ್ತು. ಅಂದು ನನಗೆ ಎರಡನೆಯ ದಿನ. ನಾನು ಹೇಳಲಿಲ್ಲ. ಒಂದು ತಾಸು ನಾದಿದೆ. ಹಿಟ್ಟು ಬೋಗುಣಿಯ ಅಂಚು ದಾಟಿ ಮೇಲಿದ್ದ ಬಟ್ಟೆಯನ್ನೇ ಎತ್ತಿತು. ಬಂದವರು ಹೊಗಳಿದರು, ರೋದಿಕಾ ನನ್ನ ಬೆನ್ನು ತಟ್ಟಿದಳು. ಮರುದಿನ ಅವಳಿಗೆ ಹೇಳಿದೆ.

ಅವಳು ಕಪ್ಪು ಕೆಳಗಿಟ್ಟಳು. ‘ಯಾಕೆ ಹೇಳಿದೆ? ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.’

‘ಗೊತ್ತಾಗಲಿ ಅಂತಲೇ ಹೇಳಿದೆ.’

ತಟ್ಟೆಯಲ್ಲಿ ಉಳಿದಿದ್ದ ತುಂಡನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅರ್ಧ ಮುರಿದು ನಿಂತೇ ತಿಂದಳು. ಮತ್ತೆಂದೂ ಬೇಡ ಅನ್ನಲಿಲ್ಲ. ಮರುವರ್ಷ ಅವರು ತಮ್ಮ ದೇಶಕ್ಕೆ ಹೊರಟಾಗ ಫೌಂಡ್ರಿಯಲ್ಲಿ ನನಗೆಂದೇ ಎರಕ ಹೊಯ್ಯಿಸಿದ ಆರು ಕಬ್ಬಿಣದ ಅಚ್ಚುಗಳನ್ನು ಕೊಟ್ಟು ಹೋದಳು. ಅವು ಇವತ್ತಿಗೂ ಇವೆ. ನಿಮ್ಮ ತೆಳು ತಗಡಿನ ಅಚ್ಚುಗಳು ಎರಡು ವರ್ಷಕ್ಕೆ ಸೊಟ್ಟಗಾಗುತ್ತವೆ.

ಅಚ್ಚುಗಳನ್ನು ಹೊತ್ತುಕೊಂಡು ಇಚಲಕರಂಜಿಗೆ ಮರಳಿದೆ. ಅಲ್ಲಿ ಮಾಡಿದ ಮೊದಲ ನಾಲ್ಕೂ ಬ್ರೆಡ್ಡು ಕುಸಿದವು. ಉಬ್ಬುತ್ತಿದ್ದವು, ಮೇಲೇರಿ ಒಮ್ಮೆಲೇ ಕೂತುಬಿಡುತ್ತಿದ್ದವು. ‘ಯಾರದರ ದೃಷ್ಟಿ ತಾಗೈತಿ’ ಎಂದು ಅವ್ವ ಮೆಣಸಿನಕಾಯಿ ಸುಟ್ಟಳು. ವಹಿ ತೆಗೆದು ನೋಡಿದರೆ ಐದನೆಯದು ಮಾತ್ರ ನಿಂತಿತ್ತು, ಅದು ವಾರಕ್ಕೊಮ್ಮೆ ಕರೆಂಟು ಬಂದ್ ಆಗಿ ಮಗ್ಗಗಳು ನಿಲ್ಲುವ ದಿನ. ನಮ್ಮ ಅಡುಗೆಮನೆಯ ಗೋಡೆಯ ಆಚೆ ಹದಿನಾರು ಮಗ್ಗಗಳಿದ್ದವು. ಅವು ಓಡುವಾಗ ನೆಲ, ಗೋಡೆ, ಗೋಡೆಗೆ ಬಡಿದ ಹಲಗೆ ಎಲ್ಲವೂ ನಡುಗುತ್ತಿದ್ದವು. ಹುಟ್ಟಿದಾಗಿನಿಂದ ಆ ನಡುಕದಲ್ಲೇ ಮಲಗಿದ ನಮಗೆ ಅದು ತಿಳಿಯುತ್ತಲೇ ಇರಲಿಲ್ಲ. ಹಿಟ್ಟಿಗೆ ತಿಳಿಯುತ್ತಿತ್ತು. ಬೋಗುಣಿಯನ್ನು ಹಗ್ಗದ ನೆಲುವಿನಲ್ಲಿ ತೂಗುಹಾಕಿದೆ. ಅಂದಿನಿಂದ ಕುಸಿಯಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದೆ. ನಮ್ಮ ಮನೆಯವರು ಎಸ್‌ಟಿ ಬಸ್ಸಿನ ಕಂಡಕ್ಟರ್, ಅವರ ಅವ್ವನಿಗೆ ‘ಬಸೂ’. ಮನೆಯ ಯಜಮಾನಿಕೆ ಅತ್ತೆ ಗಂಗವ್ವನದು. ಅವರು ಉತ್ತೂರಿನ ಹತ್ತಿರ ಕುರಿ ಸಾಕುತ್ತಿದ್ದ ಮನೆಯ ಮಗಳು. ಓದು ಬಾರದು. ಅಂಗಳದಲ್ಲಿ ನಿಂತು ಓಣಿಯ ಆ ತುದಿಯಲ್ಲಿ ಯಾರ ಮೇಕೆ ಕುಂಟುತ್ತಿದೆ ಎಂದು ಹೇಳಬಲ್ಲವರು.

ಅತ್ತೆಯ ಮನೆಯಲ್ಲಿ ಮುಟ್ಟಾದವಳು ನಾಲ್ಕು ದಿನ ಹೊರಗಿನ ಕಟ್ಟೆಯ ಮೇಲೆ ಕೂಡಬೇಕು. ನಾನು ಕೂಡಲಿಲ್ಲ. ಜಗಳ ಮಾಡಲಿಲ್ಲ, ಹೇಳಲೇ ಇಲ್ಲ. ಅತ್ತೆ ಕೇಳಿದರೆ ‘ಇನ್ನೂ ಇಲ್ರಿ, ನನಗ ತಡಾ ಆಗತೈತಿ’ ಎಂದು ದಾಟಿಸುತ್ತಿದ್ದೆ. ದೇವರ ಜಗಲಿಯ ಹತ್ತಿರ ಆ ದಿನ ಹೋಗುತ್ತಿರಲಿಲ್ಲ, ಏಕೆಂದರೆ ಅದು ಅವರದು. ಭಟ್ಟಿ ನನ್ನದು. ಚುಕ್ಕೆ ಇಟ್ಟು ಹಿಟ್ಟಿಗೆ ಕೈ ಹಾಕುತ್ತಿದ್ದೆ.

ಅಕ್ರೋಟು ಕೈಗೆಟುಕದ ಕಾರಣ ಶೇಂಗಾ ಮತ್ತು ಗಸಗಸೆ ಬಂದವು, ಸಕ್ಕರೆಯ ಬದಲು ನಮ್ಮ ಕಡೆಯ ಬೆಲ್ಲ ಬಂತು. ಬೆಲ್ಲವನ್ನು ಉಗುರುಬೆಚ್ಚನೆಯ ಹಾಲಿನಲ್ಲಿ ಕರಗಿಸಿ, ಸೋಸಿ, ಅದರಲ್ಲೇ ಈಸ್ಟು ನೆನೆಹಾಕುತ್ತಿದ್ದೆ. ಆಗ ಈಗಿನಂತೆ ಡಬ್ಬಿಯಲ್ಲಿ ಕಾಳು ಈಸ್ಟು ಇರಲಿಲ್ಲ. ಹಸಿ ಈಸ್ಟಿನ ವಡಿಯನ್ನು ಕೊಲ್ಹಾಪುರದ ಬೇಕರಿಯಿಂದ ನಮ್ಮ ಮನೆಯವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಅದೇ ಬಸ್ಸಿನಲ್ಲಿ ಬ್ರೆಡ್ಡು ಕೊಲ್ಹಾಪುರಕ್ಕೆ ಹೋಗುತ್ತಿತ್ತು. ‘ಕೊಜೊನಾಕ್’ ಎನ್ನಲು ಬಾರದೆ ಜನ ‘ಸುಳಿ ಬ್ರೆಡ್ಡು’ ಅಂದರು. ಬಿದ್ರಿಯ ಸಕ್ಕರೆ ಕಾರ್ಖಾನೆಯ ಕಡೆಯಿಂದಲೂ ಕೇಳಿ ಬರತೊಡಗಿದರು.

ನಾಲ್ಕು ವರ್ಷ ಹೀಗೆ ನಡೆಯಿತು. ಐದನೆಯ ವರ್ಷ, ದೀಪಾವಳಿ ಮುಗಿದು ಹೊಸ ಬೆಲ್ಲ ಪೇಟೆಗೆ ಬಂದ ಮೇಲೆ, ಬ್ರೆಡ್ಡು ಕೆಡತೊಡಗಿತು. ಒಂಬತ್ತು ಸಲ ಮಾಡಿದ್ದರಲ್ಲಿ ಐದು ಸಲ ಹಿಟ್ಟು ಕಲ್ಲಿನಂತೆ ಕೂತಿತು. ಇಚಲಕರಂಜಿಯ ಹಾಗೆ ಉಬ್ಬಿ ಕುಸಿಯಲಿಲ್ಲ, ಏಳಲೇ ಇಲ್ಲ. ಈಸ್ಟು ಬದಲಿಸಿದೆ, ಮೈದಾ ಬದಲಿಸಿದೆ. ಕೊಲ್ಹಾಪುರದಿಂದ ಎರಡು ಸಲ ಬ್ರೆಡ್ಡು ಹಿಂದೆ ಬಂತು. ಪಕ್ಕದ ಮನೆಯ ಚಂದ್ರಾಬಾಯಿ ಒಂದು ತುಂಡನ್ನು ತನ್ನ ಎಮ್ಮೆಗೆ ಹಾಕಿ, ‘ಅಗ ಮಾಲಾ, ನಮ್ಮ ಎಮ್ಮಿ ಮೂಸಿ ನೋಡಿ ಹಿಂದ ಸರೀತ ಗ. ಎರಡ ಕೊಟ್ಟರ ಮೇವು ಸೈತ ಬಿಡತೈತಿ’ ಎಂದು ಓಣಿಗೆ ಕೇಳುವಂತೆ ನಕ್ಕಳು.

ನಕ್ಕಿದ್ದರೆ ಸಾಕಿತ್ತು. ಹಿಂದಿನ ತಿಂಗಳು ಹಿತ್ತಲಲ್ಲಿ ಸೀರೆಯ ಮರೆಯಲ್ಲಿ ನಾನು ಒಣಹಾಕಿದ್ದ ಬಟ್ಟೆಯನ್ನೂ ಅವಳು ನೋಡಿದ್ದಳು. ಆ ದಿನ ನಾನು ಕಟ್ಟೆಯ ಮೇಲೆ ಕೂತಿರಲಿಲ್ಲ ಎಂಬುದನ್ನೂ ನೋಡಿದ್ದಳು. ಈಗ ನೇರವಾಗಿ ಬಂದು ಅತ್ತೆಗೆ ಹೇಳಿದಳು.

ಅದು ಸೋಮವಾರ ಬೆಳಿಗ್ಗೆ. ಅತ್ತೆ ನನ್ನನ್ನು ಅಂಗಳಕ್ಕೆ ಕರೆದರು.

‘ಎಷ್ಟ ದಿನದಿಂದ ಹಿಂಗ ನಡದೈತಿ?’

‘ನಾಕ ವರ್ಷದಿಂದ್ರಿ.’

‘ನಾಕ ವರ್ಷ! ನನ್ನ ಮನ್ಯಾಗ? ನನ್ನ ದೇವರ ಮುಂದ?’

‘ದೇವರ ಮುಂದ ಹೋಗಿಲ್ರಿ ಅತ್ತಿ. ಭಟ್ಟಿ ಮುಂದ ಅಷ್ಟ ಹೋಗೇನಿ.’

‘ಬಾಯಿ ನೋಡ ಇದರದು! ಅದಕ್ಕ ಹಿಟ್ಟ ಏಳವಲ್ದು. ಮುಟ್ಟಿದ ಕೈಲೆ ನಾದಿದರ ಎಲ್ಲೀದು ಏಳತೈತಿ? ಬಸೂ, ಭಂಗಾರದವ ಬಂದರ ನಿಲ್ಲಸು. ಆ ತಗಡ, ಆ ಕಬ್ಬಿಣಾ ಎಲ್ಲಾ ಹೋಗಲಿ ಇನ್ನ.’

ನಮ್ಮ ಮನೆಯವರು ಟೋಪಿ ಕೈಯಲ್ಲಿ ಹಿಡಿದು, ಅವ್ವನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿದರು. ‘ಐತವಾರಕ್ಕ ಕೊಲ್ಲಾಪುರಕ್ಕ ಹನ್ನೆರಡ ಕೊಡೂದೈತಿ. ನಾ ಮಾತ ಕೊಟ್ಟೇನಿ. ಅದೊಂದ ಆಗಲೇಳವಾ’ ಅಂದರು. ಭಾನುವಾರ ಅಲ್ಲಿ ಒಂದು ಮನೆಯಲ್ಲಿ ನಾಮಕರಣ. ಎರಡು ಸಲ ಹಿಂದೆ ಕಳಿಸಿದವರೇ ಮೂರನೆಯ ಸಲ ಕೇಳಿದ್ದರು. ಈ ಸಲ ಕೆಟ್ಟರೆ ಮತ್ತೆ ಕೇಳುವವರಿರಲಿಲ್ಲ.

ನನಗೆ ಅಳು ಬರಲಿಲ್ಲ. ಒಳಗೆ ಹೋಗಿ ನಾಲ್ಕು ವರ್ಷದ ವಹಿಗಳನ್ನು ತಂದು ಅತ್ತೆಯ ಕಾಲ ಬಳಿ ಇಟ್ಟೆ.

‘ಓದಾಕ ಬರಾಂಗಿಲ್ಲ ಅಂತ ಗೊತ್ತಿದ್ದ ತಂದಿ ಏನ?’

‘ಓದೂದ ಬ್ಯಾಡ್ರಿ. ಎಣಸರಿ. ಕೆಂಪ ಚುಕ್ಕಿ ಅಂದರ ನಾ ಹೊರಗಾದ ದಿನ. ಬಾಜೂಕ ನಿಂತ ಗೀಟಂದರ ಹಿಟ್ಟ ಎದ್ದೈತಿ, ಅಡ್ಡ ಗೀಟಂದರ ಎದ್ದಿಲ್ಲ.’

ಅತ್ತೆ ವಹಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಬೆರಳು ಮೊದಲ ಪುಟದಲ್ಲಿ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ಪುಟದ ಕೆಳಗೆ ಒಟ್ಟು ಎದ್ದವುಗಳ ಲೆಕ್ಕವನ್ನು ನಾನು ಐದೈದರ ಕಟ್ಟಿನಲ್ಲಿ ಗೀಟು ಎಳೆದು ಇಡುತ್ತಿದ್ದೆ, ನಾಲ್ಕು ನಿಂತದ್ದು, ಐದನೆಯದು ಅವುಗಳ ಮೇಲೆ ಓರೆಯಾಗಿ. ಅವರ ಬೆರಳು ಅಲ್ಲಿ ತಡೆಯಿತು.

‘ಇದ ನಮ್ಮಪ್ಪ ಕುರಿ ಎಣಸತಿದ್ದ ಗೀಟ. ನಿನಗ ಯಾರ ಕಲಸಿದರ?’

‘ನಮ್ಮಪ್ಪನ್ರಿ. ಮಗ್ಗದಾಗ ದಾರ ಹರದದ್ದ ಎಣಸತಿದ್ದ.’

ಅವರು ಮತ್ತೆ ವಹಿಗೆ ಬಾಗಿದರು. ಮಧ್ಯಾಹ್ನದವರೆಗೆ ಕುಳಿತು ಎಣಿಸಿದರು. ಚುಕ್ಕೆಯ ದಿನ ನಾದಿದ್ದು ನಲವತ್ತಾರು ಸಲ, ಅದರಲ್ಲಿ ನಲವತ್ತೆರಡು ಎದ್ದಿದ್ದವು. ಈಗ ಕೆಟ್ಟ ಐದರಲ್ಲಿ ಚುಕ್ಕೆ ಇದ್ದದ್ದು ಎರಡಕ್ಕೆ ಮಾತ್ರ. ನಾನು ಗೆದ್ದೆ ಎಂದುಕೊಂಡೆ. ಅತ್ತೆ ವಹಿ ಮುಚ್ಚಿದರು.

‘ಇದ ನೀ ಹಾಕಿದ ಗೀಟ. ನಮ್ಮಲ್ಲಿ ಒಬ್ಬರ ಎಣಿಕಿ ನಂಬೂದಿಲ್ಲ. ದೊಡ್ಡಿ ಬಾಗಲದಾಗ ಒಬ್ಬ ಕುರಿ ಬಿಡತಾನ, ಇನ್ನೊಬ್ಬ ಗೀಟ ಹಾಕತಾನ. ಲೆಕ್ಕ ತಾಳೆ ಬೀಳಲಿಲ್ಲಂದರ ಕುರಿ ಎಲ್ಲಾ ಹೊರಗ ಹಾಕಿ, ಇಬ್ಬರೂ ಜಾಗಾ ಬದಲಿ ಮಾಡಿ ಮತ್ತ ಎಣಸತಾರ.’

‘ಹಂಗಂದರ್ರಿ?’

‘ಹಂಗಂದರ, ಈ ಸಲ ನೀ ಹೊರಗಾದಾಗ ಕಟ್ಟಿ ಮ್ಯಾಲ ಕೂಡು. ನಾ ಜಳಕಾ ಮಾಡಿ ನಾದತೇನಿ. ನನ್ನ ಹಿಟ್ಟ ಎದ್ದರ ಭಟ್ಟಿ ಭಂಗಾರಕ್ಕ. ಏಳಲಿಲ್ಲಂದರ ಆಮ್ಯಾಲ ಮಾತಾಡೂಣು.’

ಗುರುವಾರ ಚುಕ್ಕೆಯ ದಿನ ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ ಕಟ್ಟೆಯ ಮೇಲೆ ಕುಳಿತೆ. ಚಂದ್ರಾಬಾಯಿ ಹಾಯುತ್ತ, ‘ಬಸಲೀಸ ಕಾ? ಕೂತಿ ಅಂತೂ!’ ಎಂದು ನಕ್ಕು ಹೋದಳು. ಅತ್ತೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಹಾಕಿ, ಹೊಸ್ತಿಲೊಳಗೆ ಕುಳಿತರು. ನಾನು ಹೊರಗಿನಿಂದ ಹೇಳಿದೆ. ಇಷ್ಟು ಹಾಲು, ಇಷ್ಟು ಬೆಲ್ಲ, ಇಷ್ಟು ಈಸ್ಟು. ಅವರು ನಾದಿದ್ದನ್ನು ನೋಡಬೇಕಿತ್ತು, ಉಣ್ಣೆ ಕತ್ತರಿಸುವಾಗ ಕುರಿಯನ್ನು ಮಗುಚುವ ಹಾಗೆ ಹಿಟ್ಟನ್ನು ಮಗುಚಿದರು. ನನ್ನ ಹಿಟ್ಟು ಅಷ್ಟು ನುಣುಪು ಎಂದೂ ಆಗಿರಲಿಲ್ಲ. ಕದ ಮುಚ್ಚಿಸಿದೆ. ಒಂದೂವರೆ ತಾಸಾಯಿತು, ಎರಡಾಯಿತು, ಮೂರಾಯಿತು.

ಏಳಲಿಲ್ಲ.

ನನಗೆ ನಗು ಬಂತು. ತಡೆಯಲಿಲ್ಲ, ನಕ್ಕೆ.

‘ನಗಬ್ಯಾಡ’ ಅಂದರು ಅತ್ತೆ. ‘ನಿನ್ನ ಕೈದ ಅಲ್ಲ, ನನ್ನ ಕೈದೂ ಅಲ್ಲ. ಅಂದರ ಕಳ್ಳ ಬ್ಯಾರೆ ಅದಾನ.’ ಬೋಗುಣಿಗೆ ಮೂಗು ಹಚ್ಚಿದರು. ಕುರಿಯ ಬಾಯಿ ಮೂಸಿ ರೋಗ ಹೇಳುತ್ತಿದ್ದ ಮನೆತನದವರು ಅವರು. ಹಿಟ್ಟು ಬಿಟ್ಟು, ಬೆಲ್ಲ ಕರಗಿಸಿದ್ದ ತಂಬಿಗೆ ಮೂಸಿದರು. ‘ಇದೇನ ಬೆಂಕಿಕಡ್ಡಿ ಗೀರಿದ ನಾತ? ಒಲಿ ಹಚ್ಚಿದ್ದ ಕಡ್ಡಿ ಏನರ ಬಿತ್ತೇನ ಇದರಾಗ?’

ನಾನು ಕಟ್ಟೆ ಇಳಿದು ಹೊಸ್ತಿಲಿಗೆ ಬಂದೆ. ತಂಬಿಗೆಯನ್ನು ಅವರು ನನ್ನ ಮೂಗಿನ ಮುಂದೆ ಹಿಡಿದರು. ಬಹಳ ಸಣ್ಣ ವಾಸನೆ. ಅದು ನನ್ನ ಅಪ್ಪನ ಅಂಗಿ.

ಬಣ್ಣದ ಖಾನೆಯಲ್ಲಿ ‘ಹೈಡ್ರಾಸ್’ ಎಂಬ ಬಿಳಿ ಪುಡಿ ಇರುತ್ತಿತ್ತು. ಬಣ್ಣ ತಿಳಿಯಾಗಿಸಲು, ತೆಗೆಯಲು ಅದನ್ನು ಹಾಕುತ್ತಿದ್ದರು. ಬೆಲ್ಲ ಕುದಿಸುವ ಗಾಣಗಳಲ್ಲೂ ಕೆಲವರು ಅದೇ ಪುಡಿ ಹಾಕುತ್ತಾರೆಂದು ಅಪ್ಪ ಎಂದೋ ಹೇಳಿದ್ದ. ಕಪ್ಪು ಬೆಲ್ಲ ಹಳದಿಯಾಗುತ್ತದೆ, ಪೇಟೆಯಲ್ಲಿ ಬೇಗ ಹೋಗುತ್ತದೆ. ದೀಪಾವಳಿಯ ನಂತರ ನಮ್ಮ ಮನೆಗೆ ಬಂದಿದ್ದು ಬಂಗಾರದಂಥ ಹಳದಿ ಬೆಲ್ಲದ ಪೆಂಟಿ. ಅದನ್ನು ತರಿಸಿದವಳು ನಾನೇ. ‘ಕರಿ ಬೆಲ್ಲದ್ದ ಬ್ರೆಡ್ಡ ಮಾಸಲ ಕಾಣತೈತಿ, ಚಲೋ ಹಳದಿ ಇದ್ದದ್ದ ತರ್ರಿ’ ಎಂದು ನಮ್ಮ ಮನೆಯವರಿಗೆ ಹೇಳಿದ್ದೆ. ಹಳೆಯ ಕಪ್ಪು ಪೆಂಟಿಯೂ ಗೋಡೆಯ ಮಾಡದಲ್ಲಿ ಉಳಿದಿತ್ತು. ಒಮ್ಮೆ ಅದು, ಒಮ್ಮೆ ಇದು ಕೈಗೆ ಬರುತ್ತಿತ್ತು. ನನ್ನ ವಹಿಯಲ್ಲಿ ಹಿಟ್ಟಿನ ತೂಕವಿತ್ತು, ಹೊತ್ತಿತ್ತು, ಮಳೆ ಬಿಸಿಲಿತ್ತು. ಬೆಲ್ಲದ ಬಣ್ಣ ಇರಲಿಲ್ಲ. ಎಲ್ಲ ಕಡೆ ಬರೇ ‘ಬೆಲ್ಲ’ ಎಂದು ಬರೆದಿದ್ದೆ. ತಪ್ಪು ನನ್ನದೇ ಆಗಿತ್ತು. ಕೈಯದಲ್ಲ, ಕಣ್ಣಿನದು.

ಆದರೂ ವಾಸನೆಯೊಂದನ್ನೇ ನಂಬುವಂತಿರಲಿಲ್ಲ. ಶುಕ್ರವಾರ ಅತ್ತೆ ಮೂರು ಲೋಟ ಇಟ್ಟರು. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಕಪ್ಪು ಬೆಲ್ಲ, ಒಂದರಲ್ಲಿ ಹಳದಿ ಬೆಲ್ಲ. ಮೂರಕ್ಕೂ ಒಂದೇ ಹಾಲು, ಒಂದೇ ಅಳತೆಯ ಈಸ್ಟು. ಅತ್ತೆ ಒಳಗೆ, ನಾನು ಹೊರಗೆ, ನಡುವೆ ಹೊಸ್ತಿಲ ಮೇಲೆ ಲೋಟಗಳು. ಕಾಲು ತಾಸಿಗೆ ಎರಡು ಲೋಟಗಳು ನೊರೆ ಉಕ್ಕಿಸಿದವು. ಹಳದಿಯದು ತಣ್ಣಗೆ ಕೂತಿತ್ತು. ರಸಾಯನದ ಶಾಸ್ತ್ರ ನನಗೆ ತಿಳಿಯದು. ಎಲ್ಲ ಹಳದಿ ಬೆಲ್ಲವೂ ಹೀಗೇ ಎಂದು ಹೇಳಲಾರೆ. ಆ ಪೆಂಟಿ ಹೀಗಿತ್ತು. ನೀವು ಹೊಸ ಬೆಲ್ಲ ತಂದಾಗ ಒಂದು ಲೋಟದಲ್ಲಿ ನೋಡಿಯೇ ಹಿಟ್ಟಿಗೆ ಹಾಕಿ.

ಅತ್ತೆ ಹಳದಿ ಪೆಂಟಿಯನ್ನು ಎತ್ತಿ ಹಿತ್ತಲಿಗೆ ಎಸೆದರು. ಕೈ ತೊಳೆದು ಒಳಗೆ ಹೋದರು. ನಾನು ಕಟ್ಟೆಯ ಮೇಲೇ ಇದ್ದೆ. ಎಣಿಕೆ ತಾಳೆಬಿದ್ದಿತ್ತು, ಆದರೆ ಅವರು ಒಳಗೆ ಬಾ ಅಂದಿರಲಿಲ್ಲ. ನಾನೂ ಈ ಸಲ ಕದ್ದು ಹೋಗುವವಳಿರಲಿಲ್ಲ. ನಾಲ್ಕು ವರ್ಷ ಕದ್ದು ನಾದಿದ್ದು ಸಾಕಾಗಿತ್ತು.

ಶನಿವಾರ ಬೆಳಿಗ್ಗೆ ಅತ್ತೆ ಕಪ್ಪು ಬೆಲ್ಲ ಜಜ್ಜಿ, ಶೇಂಗಾ ಹುರಿದು, ಮೈದಾ ಸಾಣಿಸಿ ಇಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದರು.

‘ಮೂರನೇ ದಿನ ಹೌದಿಲ್ಲೊ?’

‘ಹೌದ್ರಿ.’

‘ಹನ್ನೆರಡ ಒಬ್ಬಾಕಿ ನಾದಾಕ ನನ್ನ ರಟ್ಟಿ ಒಲ್ಲವು. ಜಳಕಾ ಮಾಡಿ ಒಳಗ ಬಾ.’

‘ಎಲ್ಲಾರಿಗೂ ಗೊತ್ತಾಗತೈತ್ರಿ ಅತ್ತಿ.’

‘ಆಗಲಿ. ಚುಕ್ಕಿ ಇಡೂದ ಮರಿಬ್ಯಾಡ.’

ನಾದಿದೆ. ತೋಳಿನವರೆಗೆ ಬಳೆ ಏರಿಸಿಕೊಂಡು, ಮುಂಬಾಗಿಲು ತೆರೆದಿಟ್ಟುಕೊಂಡು ನಾದಿದೆ. ಹಿಟ್ಟನ್ನು ಉಬ್ಬಲು ಇಟ್ಟ ಮೇಲೆ ಕದ ಮುಚ್ಚಿ, ಅತ್ತೆ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಅರ್ಧ ತಾಸಾಗಿರಬೇಕು. ಚಂದ್ರಾಬಾಯಿ ಹೊರಗಿನಿಂದ ಕದ ದೂಡಿ ತಲೆ ಒಳಹಾಕಿದಳು. ಖಾಲಿ ಕಟ್ಟೆಯನ್ನು ನೋಡಿಕೊಂಡೇ ಬಂದಿದ್ದಳು.

‘ಗಂಗವ್ವಕ್ಕಾ, ಸೊಸಿ ಹೊರಗ ಅದಾಳಂದಿ? ಕಟ್ಟಿ ಮ್ಯಾಲ ಇಲ್ಲಲ್ಲ. ಹಿಟ್ಟ ಯಾರ ನಾದ್ಯಾರ?’

‘ಆಕೀನ ನಾದ್ಯಾಳ’ ಅಂದರು ಅತ್ತೆ, ಕುಳಿತಲ್ಲಿಂದ ಏಳದೆ. ‘ಕದಾ ಮುಚ್ಚ ಚಂದ್ರಾ. ಗಾಳಿ ಬರಾಕತ್ತೈತಿ.’